ಸಾರ್ಜೆಂಟರ ಎಡಗೈ

ಚೆಂಡು ಮತ್ತೊಮ್ಮೆ ಇಬ್ಬರ ನಡುವೆ ಬಿದ್ದು, ಎರಡು ಸಲ ಪುಟಿದು, ಗೋಡೆಗೆ ಒರಗಿಸಿಟ್ಟಿದ್ದ ಕೃತಕ ಕಾಲುಗಳ ಸಾಲಿನೊಳಕ್ಕೆ ಉರುಳಿಹೋಗಿ ನಿಂತಿತು. ಸಾರ್ಜೆಂಟ್ ಅರ್ನುಲ್ಫೊ ಕಾಯ್ಸೆದೊ ಚೆಂಡಿನತ್ತ ನೋಡಲಿಲ್ಲ. ಎಡಕ್ಕೆ ಒಂದು ತೋಳಿನಷ್ಟು ದೂರದಲ್ಲಿ, ನೆಲಕ್ಕೆ ಅಂಟಿಸಿದ ಗೊಂಬೆಯಂತೆ ಕುಳಿತಿದ್ದ ತಪಿಯೇರೊನನ್ನು ನೋಡಿದ.

“ಯಾರದ್ದು ಆ ಚೆಂಡು?” ತರಬೇತಿ ಕೊಡುತ್ತಿದ್ದ ಯಾದಿರಾ ಸೀಟಿಯನ್ನು ಬಾಯಿಂದ ತೆಗೆದು ಕೇಳಿದಳು.

“ಸಾರ್ಜೆಂಟ್ರದ್ದು, ಪ್ರೊಫೆ,” ಎಂದ ತಪಿಯೇರೊ. ಕಲಿಸುವವರನ್ನೆಲ್ಲ ಅಲ್ಲಿ ಹಾಗೆಯೇ ಕರೆಯುವುದು. ಯಾದಿರಾಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ ಎಂಬುದು ಆ ಗೌರವಕ್ಕೆ ಅಡ್ಡಿಯಾಗಿರಲಿಲ್ಲ.

“ನಿನ್ನ ಮೊಣಕೈಗೆ ತಾಗ್ಕೊಂಡೇ ಹೋಯ್ತಲ್ಲೋ!”

“ಹೌದು ಪ್ರೊಫೆ, ತಾಗ್ತು. ಆದ್ರೂ ಸಾರ್ಜೆಂಟ್ರದ್ದೇ.”

ಇಬಾಗೆ ಊರಿನ ಆ ಹಳೆಯ ಒಳಾಂಗಣದಲ್ಲಿ ಮಂಗಳವಾರ ಮತ್ತು ಗುರುವಾರದ ಸಂಜೆ ಒಂಬತ್ತು ಮಂದಿ ಮಾಜಿ ಸೈನಿಕರು ಸೇರುತ್ತಿದ್ದರು. ಬೇರೆ ಬೇರೆ ಬೆಟ್ಟಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟವರು. ಬಂದವರು ಕೃತಕ ಕಾಲನ್ನು ಕಳಚಿಟ್ಟು ನೆಲದ ಮೇಲೆ ಕುಳಿತು ವಾಲಿಬಾಲ್ ಆಡುತ್ತಿದ್ದರು. ಬಲೆ ಕುಳಿತವನ ನೆತ್ತಿಗಿಂತ ಒಂದಿಷ್ಟೇ ಎತ್ತರ. ಓಡಾಟವೆಲ್ಲ ಅಂಗೈ ಊರಿಕೊಂಡು. ಚೆಂಡನ್ನು ಹೊಡೆಯುವಾಗ ಕುಂಡೆ ನೆಲವನ್ನು ಬಿಟ್ಟರೆ ತಪ್ಪು. ಮುಂದಿನ ತಿಂಗಳು ಮನಿಸಾಲೆಸ್‌ನಲ್ಲಿ ದೇಶದ ಎಲ್ಲ ಪ್ರಾಂತ್ಯಗಳ ಪಂದ್ಯ. ಪ್ರಾಂತ್ಯದ ಕಚೇರಿಯವರು ಕಳಿಸಲು ಒಪ್ಪಿದ್ದು ಎಂಟು ಜನರನ್ನು. ಹೆಸರುಗಳು ಮುಂದಿನ ವಾರದ ಶುಕ್ರವಾರ ಮಧ್ಯಾಹ್ನದೊಳಗೆ ಕಚೇರಿ ಸೇರಬೇಕು. ಉಳಿದುಹೋಗುವ ಒಂಬತ್ತನೆಯವನು ಯಾರೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ನಲವತ್ತಾರು ದಾಟಿದವನು ಆ ಗುಂಪಿನಲ್ಲಿ ಅರ್ನುಲ್ಫೊ ಒಬ್ಬನೇ, ಮತ್ತು ಚೆಂಡು ಬೀಳುತ್ತಿದ್ದುದೆಲ್ಲ ಅವನ ಸುತ್ತಲೇ.

ಕಾಲು ಹೋದ ಮೊದಲ ಮೂರು ವರ್ಷ ಅರ್ನುಲ್ಫೊ ಕಿಟಕಿಯ ಪಕ್ಕದ ಕುರ್ಚಿಯನ್ನು ಬಿಟ್ಟು ಎದ್ದಿರಲಿಲ್ಲ. ಮೈ ಇಪ್ಪತ್ತೆರಡು ಕಿಲೋ ಏರಿತು. ರಕ್ತದಲ್ಲಿ ಸಕ್ಕರೆ ಏರಿತು. ಇಲ್ಲದ ಪಾದದ ಹೆಬ್ಬೆರಳು ಹಗಲಿರುಳು ತುರಿಸತೊಡಗಿತು. ಇಲ್ಲದ ಬೆರಳನ್ನು ಯಾವ ಉಗುರಿನಿಂದ ಕೆರೆಯುವುದು? ಆಗ ವೈದ್ಯರೊಬ್ಬರು ಒಂದು ಕರಪತ್ರ ಕೊಟ್ಟು ಕಳಿಸಿದ್ದರು. ಅಂಗ ಕಳೆದುಕೊಂಡ ಯೋಧರಿಗೆ ಆಟದಿಂದ ಆಗುವ ಪ್ರಯೋಜನಗಳ ಪಟ್ಟಿ ಅದರಲ್ಲಿತ್ತು. ಮೇಲೆ ನಗುತ್ತಿದ್ದ ಒಬ್ಬ ತರುಣನ ಚಿತ್ರ. ಅವನ ಎರಡು ಕಾಲೂ ನೆಟ್ಟಗಿದ್ದವು. ಹೆಂಡತಿ ನೂಬಿಯಾ ಅದನ್ನು ತಂಗಳುಪೆಟ್ಟಿಗೆಯ ಬಾಗಿಲಿಗೆ ಅಂಟಿಸಿ, “ಓದ್ಕೊಂಡು ಹೋಗ್ತೀರೋ, ಓದದೇ ಹೋಗ್ತೀರೋ? ಹೋಗೋದಂತೂ ಖಂಡಿತ,” ಎಂದಿದ್ದಳು.

ಹೋದ. ಅವನ ಸಿಟ್ಟಿಗೆ ತುಪ್ಪ ಸುರಿದಂತೆ, ಕರಪತ್ರದಲ್ಲಿದ್ದುದೆಲ್ಲ ಒಂದೊಂದಾಗಿ ನಿಜವಾಗುತ್ತ ಬಂತು. ತೂಕ ಇಳಿಯಿತು. ಸಕ್ಕರೆ ಹಿಡಿತಕ್ಕೆ ಬಂತು. ಆಟವಿದ್ದ ದಿನ ಹೆಬ್ಬೆರಳು ಮಗುವಿನಂತೆ ತೆಪ್ಪಗೆ ಮಲಗುತ್ತಿತ್ತು. ವೈದ್ಯರು, ಪಾದ್ರಿಗಳು, ಅರೇಪಾ ರೊಟ್ಟಿ ಸುಡುವ ಮೂಲೆಯಂಗಡಿಯ ಹೆಂಗಸು, ಕಂಡವರೆಲ್ಲ ಒಂದೇ ಪ್ರಶ್ನೆ ಕೇಳುವರು: “ಆಟದಿಂದ ಒಳ್ಳೇದಾಗ್ತಿದೆಯಾ?” “ಗೆದ್ರಾ?” ಎಂದು ಒಬ್ಬರೂ ಕೇಳಿದವರಲ್ಲ.

ಒಳ್ಳೆಯದಾಗಲಿ ಎಂದು ಅವನು ಅಲ್ಲಿಗೆ ಹೋಗುತ್ತಿರಲಿಲ್ಲ. ಕಾಲು ಹೋದಂದಿನಿಂದ ಲೋಕವೆಲ್ಲ ಅವನಿಗೆ ದಾರಿ ಬಿಟ್ಟುಕೊಡುತ್ತಿತ್ತು. ಬಸ್ಸಿನಲ್ಲಿ ಸೀಟು ಬಿಟ್ಟರು, ಬ್ಯಾಂಕಿನಲ್ಲಿ ಸರತಿ ಬಿಟ್ಟರು. ಕಬ್ಬಿಣದ ಬಿಲ್ಲೆ ಎಸೆದು ಮದ್ದಿನ ಪೊಟ್ಟಣ ಸಿಡಿಸುವ ತೇಹೋ ಆಟದಲ್ಲಿ, ಇಪ್ಪತ್ತು ವರ್ಷ ಅವನೊಂದಿಗೆ ಹಲ್ಲು ಕಚ್ಚಿ ಸೆಣಸಿದ್ದ ಭಾವಮೈದುನ ಬೇಕೆಂದೇ ಗುರಿ ತಪ್ಪಿಸಿ ಎಸೆಯತೊಡಗಿದ್ದ. ಆ ದಿನ ಅರ್ನುಲ್ಫೊ ಬಿಲ್ಲೆಯನ್ನು ನೆಲಕ್ಕೆ ಕುಕ್ಕಿ ಮನೆಗೆ ಬಂದಿದ್ದ. ಈ ತಗ್ಗು ಬಲೆಯ ಆಚೆ ಕುಳಿತವನು ಮಾತ್ರ ಅವನನ್ನು ಸೋಲಿಸಲೆಂದೇ ಹೊಡೆಯುತ್ತಿದ್ದ. ಮನಿಸಾಲೆಸ್‌ನಲ್ಲಿ, ಗುರುತು ಪರಿಚಯವಿಲ್ಲದ ಜನ, ಲವಲೇಶ ಕರುಣೆಯಿಲ್ಲದೆ ಅವನ ಮೇಲೆ ಚೆಂಡು ಬಾರಿಸುವರು. ಅದು ಅವನಿಗೆ ಬೇಕಿತ್ತು; ಅನ್ನದಷ್ಟೇ ಬೇಕಿತ್ತು.

ಎಲ್ಲರೂ ಕಾಲು ತೊಟ್ಟುಕೊಂಡು ಹೊರಟ ಮೇಲೆ ಯಾದಿರಾ ಅವನ ಪಕ್ಕ ಬಂದು ಬೆಂಚಿನ ಮೇಲೆ ಕುಳಿತಳು. ಹಿರಿಯನೆಂದು ಅವಳು ಅವನ ಹೆಸರಿಗೆ ‘ದೋನ್’ ಸೇರಿಸಿಯೇ ಕರೆಯುತ್ತಿದ್ದಳು.

“ದೋನ್ ಅರ್ನುಲ್ಫೊ, ಬೇಜಾರು ಮಾಡ್ಕೋಬೇಡಿ. ಇವತ್ತು ಇಪ್ಪತ್ಮೂರು ಚೆಂಡು ಸುಮ್ಮನೆ ನೆಲಕ್ಕೆ ಬಿತ್ತು. ಹದಿನೇಳು ನಿಮ್ಮ ಅಕ್ಕಪಕ್ಕ.”

“ನನ್ನ ಕೈ ತಡ ಅಂತೀರಾ?”

“ಇಲ್ಲ. ನಿಮ್ಮ ಕೈ ಚೆನ್ನಾಗೇ ಇದೆ. ನೀವು ಹೊರಗಿದ್ದಾಗ ಅವರೆಲ್ಲ ಬೆಕ್ಕಿನ ಹಾಗೆ ಹಾರ್ತಾರೆ. ನೀವು ಒಳಗೆ ಬಂದ್ರೆ ಪೂಜೆಗೆ ಕೂತವರ ಹಾಗೆ ಕೂತ್ಬಿಡ್ತಾರೆ. ನೀವು ಸಾರ್ಜೆಂಟ್ ಅಂತ ಮರ್ಯಾದೆ ಅಂತ ಕಾಣುತ್ತೆ. ಇದು ಹೀಗೇ ಇದ್ರೆ ನಾನೇನು ಮಾಡ್ಲಿ, ನೀವೇ ಹೇಳಿ.”

ಅದು ಅವನಿಗೆ ಸುಳ್ಳೆನಿಸಲಿಲ್ಲ. ಸೈನ್ಯದಿಂದ ನಿವೃತ್ತಿಯುಂಟು, ಪದವಿಯಿಂದ ನಿವೃತ್ತಿಯಿಲ್ಲ. ಬಿಡುವಿನಲ್ಲಿ ಬೆಲ್ಲದ ನೀರಿನ ಹೂಜಿ ಬಂದರೆ ಮೊದಲ ಲೋಟ ಅವನಿಗೆ, ಎರಡನೆಯದು ಕಾರ್ಪೊರಲ್ ಲೊಸಾದಾನಿಗೆ, ಉಳಿದದ್ದು ಉಳಿದವರಿಗೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ತಪ್ಪಿದ್ದೂ ಇಲ್ಲ.

“ನಾನು ಸರಿಮಾಡ್ತೀನಿ,” ಎಂದ ಅರ್ನುಲ್ಫೊ.

ಗುರುವಾರ ಅವನು ಎಂಟು ಮಂದಿಯನ್ನೂ ಬಲೆಯ ಉದ್ದಕ್ಕೆ ಸಾಲಾಗಿ ಕೂರಿಸಿದ.

“ಕೇಳ್ರೋ. ಇವತ್ತಿಂದ ಈ ಗೆರೆ ಒಳಗೆ ನಾನು ಸಾರ್ಜೆಂಟ್ ಅಲ್ಲ. ಅರ್ನುಲ್ಫೊ ಅಷ್ಟೇ. ಚೆಂಡು ಯಾರ ಹತ್ರ ಬರುತ್ತೋ ಅವನು ಹೊಡೀಬೇಕು. ನನಗೆ ಅಂತ ಯಾವನೂ ಬಿಡಕೂಡದು. ಇದು ಆಜ್ಞೆ. ತಿಳೀತಾ?”

“ಅಪ್ಪಣೆ, ಸಾರ್ಜೆಂಟ್ರೇ!” ಎಂದರು ಎಂಟು ಮಂದಿಯೂ ಒಂದೇ ಗಂಟಲಿನಲ್ಲಿ. ಒಳಾಂಗಣದ ತಗಡಿನ ಮಾಡು ಗುಂಯ್‌ಗುಟ್ಟಿತು.

ಬಾಗಿಲ ಬಳಿ ನಿಂತಿದ್ದ ಯಾದಿರಾ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು. ಅರ್ನುಲ್ಫೊನಿಗೆ ಪಿತ್ತ ನೆತ್ತಿಗೇರಿತು.

ಅಂದಿನ ಆಟ ಮೊದಲಿಗಿಂತ ಹದಗೆಟ್ಟಿತು. ಅಪ್ಪಣೆಯನ್ನು ಪಾಲಿಸಲೇಬೇಕೆಂದು ಹೊರಟ ಲೊಸಾದಾ, ಅರ್ನುಲ್ಫೊನ ಎದೆಗೇ ನೇರವಾಗಿ ಬರುತ್ತಿದ್ದ ಚೆಂಡಿಗೂ ನುಗ್ಗಿ ಬಂದು ಅವನ ಪಕ್ಕೆಗೆ ಗುದ್ದಿದ; ಗುದ್ದಿದವನು ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ, “ಕ್ಷಮಿಸ್ಬೇಕು ಸಾರ್ಜೆಂ... ಅರ್ನುಲ್ಫೊ... ಸಾರ್ಜೆಂಟ್ರೇ,” ಎಂದು ತೊದಲಿದ. ಸೈನ್ಯದಲ್ಲಿ ಲಾರಿ ಓಡಿಸಿಕೊಂಡಿದ್ದ ಈ ಲೊಸಾದಾನ ನಾಲಗೆ ಹೊಲಸು ಮಾತಿಗೆ ಹೆಸರಾದದ್ದು. ಸಾರ್ಜೆಂಟರ ಹೆಸರು ಹೇಳಬೇಕಾದಾಗ ಮಾತ್ರ ಅದು ಹೊಸ ಮದುಮಗಳಂತೆ ತಲೆ ತಗ್ಗಿಸಿತು. ಇಷ್ಟಾದರೂ, ಅರ್ನುಲ್ಫೊ ತಾನೇ ಹೊಡೆಯಲು ಸಿದ್ಧನಾದ ಘಳಿಗೆಯಲ್ಲಿ ಉಳಿದವರು ಹಿಂದಿನಂತೆಯೇ ಕಲ್ಲಾಗುತ್ತಿದ್ದರು. ಮರ್ಯಾದೆಯನ್ನು ಕಿತ್ತೊಗೆದರೂ ಕಲ್ಲು ಕಲ್ಲಾಗಿಯೇ ಉಳಿದದ್ದು ಅವನಿಗೆ ಒಗಟಾಯಿತು. ಒಗಟು ಬಿಡಿಸುವಷ್ಟು ತಾಳ್ಮೆ ಅವನಲ್ಲಿರಲಿಲ್ಲ. “ನೀವು ಕಾಲಲ್ಲ, ತಲೆ ಕಳ್ಕೊಂಡಿದ್ದೀರಿ!” ಎಂದು ಬೈದು ಹೊರಗೆ ಹೋದ.

ಶನಿವಾರ ನಿವೃತ್ತ ಪೊಲೀಸರ ತಂಡದೊಂದಿಗೆ ಅಭ್ಯಾಸದ ಪಂದ್ಯವಿತ್ತು. ಒಂದು ಕಡೆಗೆ ಆರು ಮಂದಿ ಬೇಕು; ಅವರಲ್ಲಿ ಬಂದವರು ಐದೇ ಮಂದಿ. ಯಾದಿರಾ ಅರ್ನುಲ್ಫೊನ ಕಡೆ ತಿರುಗಿ, “ದೋನ್ ಅರ್ನುಲ್ಫೊ, ನೀವು ಆ ಕಡೆ ಕೂರ್ತೀರಾ?” ಎಂದಳು.

ಎಂಟು ಮಂದಿಯ ಎದುರಿಗೆ ಅವನು ಬಲೆಯ ಕೆಳಗೆ ನುಸುಳಿ ಆಚೆಗೆ ಹೋದ. ಅಂಗೈಗೆ ತಾಗಿದ ನೆಲ ಅಂದು ಎಂದಿಗಿಂತ ಒರಟಾಗಿತ್ತು. ಪೊಲೀಸರ ನಾಯಕ ಪೆದ್ರಾಸಾ, ಹೆದ್ದಾರಿಯಲ್ಲಿ ಸಂಚಾರ ನಿಲ್ಲಿಸುತ್ತಿದ್ದಾಗ ಲಾರಿಗೆ ಒಂದು ಕಾಲು ಕೊಟ್ಟ ಡೊಳ್ಳುಹೊಟ್ಟೆಯ ಆಸಾಮಿ, ಎರಡೂ ತೋಳು ಚಾಚಿದ.

“ಬನ್ನಿ ಬನ್ನಿ ಅಣ್ಣಾ! ಸೈನ್ಯ ಕೊನೆಗೂ ಪೊಲೀಸರಿಗೆ ಶರಣಾಯ್ತು. ಕೈ ಮೇಲೆತ್ತಿ, ಜಪ್ತಿ ಮಾಡ್ತೀವಿ.”

“ನಿಮ್ಮ ಹೊಟ್ಟೆ ಗೆರೆ ದಾಟದ ಹಾಗೆ ನೋಡ್ಕೊಳ್ಳಿ ಸಾಕು,” ಎಂದ ಅರ್ನುಲ್ಫೊ.

ಆಟ ಶುರುವಾಯಿತು. ನಾಲ್ಕನೆಯ ಅಂಕಕ್ಕೆ ಪೆದ್ರಾಸಾ ಚೆಂಡನ್ನು ಬಲೆಯ ಪಕ್ಕಕ್ಕೆ ಹದವಾಗಿ ಎತ್ತಿಕೊಟ್ಟ. ಬಲಗೈಯಿಂದ ಬಾರಿಸಲು ಅರ್ನುಲ್ಫೊ ಎದೆ ಸೆಟೆಸಿದ. ಗುರಿಗೆಂದು ಎಡಗೈ ತಾನಾಗಿ ಮೇಲೇರಿತು. ಆ ಕ್ಷಣದಲ್ಲಿ ಅವನಿಗೆ ಎದುರಿನವರ ಮುಖಗಳು ಕಂಡವು. ಎರಡು ವರ್ಷ ಅಕ್ಕಪಕ್ಕದಲ್ಲಿ ಕುಳಿತಿದ್ದರಿಂದ ಎಂದೂ ಕಾಣದಿದ್ದ ಮುಖಗಳು. ಆರು ಮಂದಿಯೂ ಒಟ್ಟಿಗೆ ಉಸಿರು ಹಿಡಿದಿದ್ದರು. ಕಣ್ಣುಗಳು ಚೆಂಡಿನ ಮೇಲಿರಲಿಲ್ಲ. ಅವನ ಎಡಗೈಯ ಮೇಲಿದ್ದವು. ಅಂಚಿನಲ್ಲಿ ಕುಳಿತು ತಮ್ಮ ಸರದಿ ಕಾಯುತ್ತಿದ್ದ ಇಬ್ಬರು ಕೂಡ ಬಾಯಿಗೆತ್ತಿದ ಲೋಟವನ್ನು ಹಾಗೆಯೇ ಹಿಡಿದುಕೊಂಡಿದ್ದರು.

ಚೆಂಡನ್ನು ಹೊಡೆಯದೆಯೇ ಬಿಟ್ಟ ಅರ್ನುಲ್ಫೊ ತಲೆಯೆತ್ತಿ ತನ್ನ ಕೈ ನೋಡಿದ. ಅದು ಮುಷ್ಟಿ ಕಟ್ಟಿತ್ತು.

ಗಸ್ತಿನ ಮುಂದಾಳು ಮಾತಾಡುವುದಿಲ್ಲ. ಎತ್ತಿದ ಮುಷ್ಟಿಯೆಂದರೆ ‘ಇದ್ದಲ್ಲೇ ನಿಲ್ಲು’. ಎತ್ತಿದ ಹೆಜ್ಜೆಯನ್ನೂ ಊರಬೇಡ. ಬೆಟ್ಟಗಳಲ್ಲಿ ಹದಿನೇಳು ವರ್ಷ ಅವನ ಆ ಕೈ ಮೇಲೇರಿದಾಗಲೆಲ್ಲ ಹಿಂದಿನ ಸಾಲು ಮರವಾಗಿತ್ತು. ನಿಂತವರು ಬದುಕಿದ್ದರು. ಈ ಹುಡುಗರೆಲ್ಲ ಬೇರೆ ಸಾರ್ಜೆಂಟರ ಹಿಂದೆ ನಡೆದವರಾದರೂ, ಆ ಒಂದು ಸನ್ನೆಗೆ ನಿಲ್ಲುವುದನ್ನು ಹಸಿವು ನಿದ್ದೆಗಳಂತೆ ಮೈಗೆ ಕಲಿಸಿಕೊಂಡಿದ್ದರು.

“ಏನಣ್ಣಾ, ದೇವರಿಗೆ ಕೈ ಎತ್ತಿದ್ರಾ?” ಪೆದ್ರಾಸಾ ಕೇಳಿದ.

“ನಿಮಗೆ ಇದನ್ನ ಕಂಡ್ರೆ ಏನೂ ಆಗಲ್ವಾ?” ಅರ್ನುಲ್ಫೊ ಮತ್ತೆ ಮುಷ್ಟಿ ಎತ್ತಿ ತೋರಿಸಿದ.

“ನಮ್ಮಲ್ಲಿ ಕೈ ಎತ್ತಿದ್ರೆ ಲಾರಿ ನಿಲ್ಲಬೇಕು, ಮನುಷ್ಯರಲ್ಲ. ನನ್ನ ಕೇಸಲ್ಲಿ ಲಾರಿನೂ ನಿಲ್ಲಲಿಲ್ಲ ಬಿಡಿ.”

ಪೊಲೀಸರು ಹೊಟ್ಟೆ ಹಿಡಿದು ನಕ್ಕರು. ಈಚೆಯ ಆರು ಮಂದಿ ನಗಲಿಲ್ಲ. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ತಪಿಯೇರೊ ತನ್ನ ಅಂಗೈಯನ್ನು ತೊಡೆಗೆ ಒರೆಸಿಕೊಂಡು, “ಅದಾ!” ಎಂದ, ಬಹಳ ಮೆಲ್ಲಗೆ.

ಕಾರಣ ತಿಳಿಯಿತಲ್ಲ, ಇನ್ನು ಪರಿಹಾರ ಸುಲಭವೆಂದು ಯಾದಿರಾ ಹಿಗ್ಗಿದಳು. “ಕೈ ಬಿಚ್ಚಿಟ್ಕೊಳ್ಳಿ, ಅಷ್ಟೇ! ಐದು ಬೆರಳೂ ಬಿಡಿಸಿ!” ಅರ್ನುಲ್ಫೊ ಮನೆಯಲ್ಲಿ, ನೂಬಿಯಾಳ ಕಪಾಟಿನ ಕನ್ನಡಿಯ ಎದುರು ಕುಳಿತು ಭಾನುವಾರವಿಡೀ ಕೈ ಎತ್ತಿದ. ನೂರು ಸಲ ಎತ್ತಿದರೆ ನೂರು ಸಲವೂ ಬೆರಳುಗಳು ಬಿಡಿಸಿಕೊಂಡೇ ಏರಿದವು. ಚೆಂಡಿಲ್ಲದಾಗ ಅವು ಸಾಧುಗಳು. ಮಂಗಳವಾರ ಅಂಗಳದಲ್ಲಿ ಮೊದಲ ಚೆಂಡು ಮೇಲೆ ಬಂದದ್ದೇ ತಡ, ಬೆರಳುಗಳು ಬಸವನಹುಳುವಿನಂತೆ ಒಳಕ್ಕೆ ಸುತ್ತಿಕೊಂಡವು. ಯಾದಿರಾ ಬೆರಳುಗಳ ನಡುವೆ ರಟ್ಟಿನ ತುಂಡುಗಳನ್ನಿಟ್ಟು ಪಟ್ಟಿ ಸುತ್ತಿದಳು. ಆಗ ಮುಷ್ಟಿ ಏಳಲಿಲ್ಲ, ಆದರೆ ಆ ಕೈಯೂರಿ ಜರುಗಲೂ ಆಗಲಿಲ್ಲ. ಕೈಯನ್ನು ಸೊಂಟಕ್ಕೆ ಅಂಟಿಸಿಕೊಂಡು ಹೊಡೆದರೆ ತೂಕ ತಪ್ಪಿ ಮಗ್ಗುಲಿಗೆ ಉರುಳಿದ.

“ಬೇಕಾದ್ರೆ ನಾವು ಕಣ್ಣು ಮುಚ್ಕೊಂಡು ಆಡ್ತೀವಿ, ಸಾರ್ಜೆಂಟ್ರೇ,” ಎಂದ ಲೊಸಾದಾ. ಅವನು ಗೇಲಿ ಮಾಡುತ್ತಿರಲಿಲ್ಲ. ಅದರಿಂದಲೇ ಅರ್ನುಲ್ಫೊನಿಗೆ ಅವನ ಕತ್ತು ಹಿಸುಕಬೇಕೆನಿಸಿತು.

ಗುರುವಾರ, ಹೆಸರು ಕಳಿಸುವ ಮುನ್ನ, ಪೊಲೀಸರ ಎದುರು ಕೊನೆಯ ಅಭ್ಯಾಸ. ಮೊದಲ ಎರಡು ಚೆಂಡಿಗೆ ಕೈ ಬಿಚ್ಚಿಕೊಂಡೇ ಏರಿತು, ಎರಡೂ ಅಂಕವಾದವು, ತಗಡಿನ ಮಾಡಿನ ಕೆಳಗೆ ಕೂಗೆದ್ದಿತು. ಮೂರನೆಯದು ಕಷ್ಟದ ಚೆಂಡು, ಕೈಯನ್ನು ಮರೆತು ಹೊಡೆಯಬೇಕಾದಂಥದ್ದು. ಅರ್ನುಲ್ಫೊ ಮರೆತ. ಮುಷ್ಟಿ ಏರಿತು. ಸುತ್ತಲಿನ ಐದು ಮಂದಿ ಕುಳಿತಲ್ಲೇ ಕಲ್ಲಾದರು. ಎದುರಾಳಿಗಳು ತಡೆದು ಮರಳಿಸಿದ ಚೆಂಡು ಅವರೆಲ್ಲರ ನಡುವೆ, ಯಾರ ಅಂಗೈಗೂ ಒಂದು ಗೇಣು ದೂರವಿಲ್ಲದ ಕಡೆ, ತೀರಾ ನಿಧಾನವಾಗಿ ಬಿತ್ತು.

ಅವನು ಗೋಡೆಯವರೆಗೆ ಜರುಗಿಹೋಗಿ ಕಾಲು ತೊಟ್ಟುಕೊಳ್ಳತೊಡಗಿದ. ಯಾದಿರಾ ಹಿಂದೆಯೇ ಬಂದಳು.

“ಎಂಟು ಹೆಸರು ಬರೆದುಬಿಡಿ, ಪ್ರೊಫೆ.”

“ಇನ್ನೊಂದು ತಿಂಗಳಿದ್ದಿದ್ರೆ ಕೈ ಕಲಿತಿರೋದು, ದೋನ್ ಅರ್ನುಲ್ಫೊ.”

“ಇಲ್ವಲ್ಲ.”

“ಇದರಲ್ಲಿ ನಿಮ್ಮ ತಪ್ಪಿಲ್ಲ. ನೀವು ಆಟ ಬಿಡಬೇಡಿ. ನಿಮ್ಮ ಸಕ್ಕರೆ, ನಿಮ್ಮ ನಿದ್ದೆ...”

“ಒಳ್ಳೇದಾಗುತ್ತೆ ಅಂತ ಮಾತ್ರ ಹೇಳ್ಬೇಡಿ, ತಾಯೀ! ಹೇಳಿದ್ರೆ ಈ ಕಾಲು ತೆಗೆದು ಎಸೀತೀನಿ.”

ಅವಳು ಬಲೆ ಬಿಚ್ಚಲು ಹೋದಳು.

ಶುಕ್ರವಾರ ಹೆಸರುಗಳು ಹೋದವು. ಶನಿವಾರ ಪೊಲೀಸರೊಂದಿಗೆ ಮತ್ತೊಂದು ಪಂದ್ಯ; ಬರುವುದಿಲ್ಲವೆಂದು ನಿಶ್ಚಯಿಸಿಕೊಂಡಿದ್ದ ಅರ್ನುಲ್ಫೊ ಎಲ್ಲರಿಗಿಂತ ಮೊದಲೇ ಬಂದು, ಯಾರೂ ಹೇಳದೆಯೇ ಪೊಲೀಸರ ಕಡೆ ಕುಳಿತಿದ್ದ. ಬೆಳಗಿನಿಂದ ಅವನ ತಲೆಯಲ್ಲಿ ಒಂದೇ ಯೋಚನೆ ಕೊರೆಯುತ್ತಿತ್ತು: ಮನಿಸಾಲೆಸ್‌ಗೆ ಬರುವ ಪ್ರತಿ ತಂಡದಲ್ಲೂ ಒಬ್ಬ ಮುದಿ ಸಾರ್ಜೆಂಟ್ ಇರದಿರುತ್ತಾನೆಯೇ? ಅವನ ಎಡಗೈ ಬೇರೆ ರೀತಿ ಏರುತ್ತದೆಯೇ?

ಬಂದ ಮೊದಲ ಚೆಂಡಿಗೇ ಅವನು ಬೇಕೆಂದೇ ಮುಷ್ಟಿ ಎತ್ತಿದ. ಆರು ಮಂದಿ ಕಲ್ಲಾದರು. ಅಂಕ. ಮತ್ತೆ ಎತ್ತಿದ. ಅಂಕ. ಒಂಬತ್ತಕ್ಕೆ ಎರಡಾಯಿತು. ಹದಿಮೂರಕ್ಕೆ ನಾಲ್ಕು.

“ಸಾರ್ಜೆಂಟ್ರೇ, ದಮ್ಮಯ್ಯ, ಆ ಕೈನ ಸ್ವಲ್ಪ ಕೆಳಗಿಳ್ಸಿ!” ಲೊಸಾದಾ ಬೆವರೊರೆಸಿಕೊಳ್ಳುತ್ತ ಅಂಗಲಾಚಿದ. “ಇದು ಮೋಸ!”

“ಮನಿಸಾಲೆಸ್‌ನಲ್ಲಿ ಎದುರಿಗೆ ಕೂರೋ ಸಾರ್ಜೆಂಟಿಗೂ ಹೀಗೇ ಕೈ ಮುಗಿ. ಆ ಪುಣ್ಯಾತ್ಮ ಇಳಿಸ್ತಾನೆ, ನಿನ್ನ ಲಾರಿಗೆ ಡೀಸೆಲ್ಲೂ ಹಾಕಿಸ್ತಾನೆ.”

“ನಾವು ಬೇಕೂಂತ ಮಾಡ್ತಿಲ್ಲ!”

“ಗೊತ್ತು. ನಿಮ್ಮ ಮೈ ಮಾಡ್ತಿದೆ. ಮೈಗೆ ಹೇಳ್ರೋ, ಇಲ್ಲಿ ನೆಲದಡಿ ಏನೂ ಇಲ್ಲ ಅಂತ! ಹೊಡೀರೋ ನನಗೆ! ತಪಿಯೇರೊ, ನಿನ್ನ ಅಜ್ಜಿ ಹಿಟ್ಟು ತಟ್ಟೋವಾಗ ಇದಕ್ಕಿಂತ ಜೋರಾಗಿ ಹೊಡೀತಾಳೆ ಕಣೋ!”

ತಪಿಯೇರೊ ಬಲೆಯ ಹತ್ತಿರಕ್ಕೆ ಜರುಗಿದ. ಎರಡೂ ಕಾಲು ಕಳೆದುಕೊಂಡಿದ್ದ ಅವನು ಆ ಗುಂಪಿನಲ್ಲಿ ಅತ್ಯಂತ ಮಿತಭಾಷಿ. ಸಾರ್ಜೆಂಟರಿಗೆ ಎದುರಾಡಿದ ದಿನ ಒಂದೂ ಇರಲಿಲ್ಲ. ಮುಂದಿನ ಚೆಂಡು ಬಲೆಯ ಮೇಲೆ ಅವನದೇ ಎದುರಿಗೆ ಎದ್ದಿತು. ಅರ್ನುಲ್ಫೊ ಮುಷ್ಟಿ ಎತ್ತಿದ. ತಪಿಯೇರೊನ ಕೈ ಅರ್ಧದಲ್ಲಿ ನಿಂತಿತು. ಭುಜದ ಸ್ನಾಯು ಹಗ್ಗದಂತೆ ಬಿಗಿದು ಅದುರುತ್ತಿದ್ದುದು ಬಲೆಯ ಕಣ್ಣುಗಳ ನಡುವೆ ಸ್ಪಷ್ಟವಾಗಿ ಕಾಣುತ್ತಿತ್ತು. ಆಮೇಲೆ ಅವನ ಗಂಟಲಿನಿಂದ ಸಿಟ್ಟೋ ಅಳುವೋ ತಿಳಿಯದ ಒಂದು ಸದ್ದು ಹೊರಟಿತು. ಕೈ ಬೀಸಿ ಬಂತು.

ಚೆಂಡು ಎತ್ತಿದ ಮುಷ್ಟಿಯನ್ನು ಸವರಿಕೊಂಡು ಅರ್ನುಲ್ಫೊನ ಮೂಗಿಗೆ ಅಪ್ಪಳಿಸಿತು.

“ಪೊಲೀಸರ ಮೇಲೆ ಹಲ್ಲೆ! ಕೇಸು ಹಾಕ್ರಪ್ಪಾ!” ಎಂದು ಪೆದ್ರಾಸಾ ಕೂಗಿದ. ಯಾರೂ ನಗದಿದ್ದುದನ್ನು ಕಂಡು ತಾನೂ ಬಾಯಿ ಮುಚ್ಚಿದ. ಅಂಗಿಯ ಮೇಲೆ ರಕ್ತ ಹನಿಯುತ್ತಿತ್ತು. ತಪಿಯೇರೊ ತನ್ನ ಅಂಗೈಯನ್ನೇ, ಅದು ಬೇರೆ ಯಾರದೋ ಎಂಬಂತೆ, ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಅರ್ನುಲ್ಫೊನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಆ ಹುಡುಗನ ಕೈಗೆ ಬುದ್ಧಿ ಬಂತು. ಅದು ಮನಿಸಾಲೆಸ್‌ಗೆ ಹೋಗುತ್ತದೆ. ತನ್ನ ಕೈಗೆ ಬರಲಿಲ್ಲ. ಅದು ಇಲ್ಲೇ ಉಳಿಯುತ್ತದೆ. ಬಲೆ ಹರಿದುಕೊಂಡು ಆಚೆ ಹೋಗಿ ಅವನ ಕೆನ್ನೆಗೆ ಬಾರಿಸಬೇಕೆಂಬ ಆಸೆ ಒಂದು ಗಳಿಗೆ ನಿಜವಾಗಿಯೂ ಬಂದುಹೋಯಿತು.

ಯಾದಿರಾ ಹತ್ತಿ ಹಿಡಿದು ಓಡಿಬಂದಳು. “ಸಾಕು ದೋನ್ ಅರ್ನುಲ್ಫೊ, ಇವತ್ತಿಗೆ ನಿಲ್ಸೋಣ.”

“ಎಷ್ಟಾಯ್ತು?”

“ರಕ್ತ ನಿಲ್ತಿಲ್ಲ...”

“ಅಂಕ ಕೇಳಿದೆ.”

“ಹದಿಮೂರು, ಐದು.”

“ಗೆಲ್ತಿರೋರು ನಾವು. ನಾವು ನಿಲ್ಸಿ ಅಂದ್ವಾ?” ಹತ್ತಿಯನ್ನು ಕಸಿದು ಮೂಗಿಗೆ ತುರುಕಿಕೊಂಡ ಅವನು, ಚೆಂಡನ್ನು ಬಲೆಯ ಕೆಳಗಿನಿಂದ ತಪಿಯೇರೊನ ಕಡೆಗೆ ಉರುಳಿಸಿದ. “ನಿನ್ನ ಸರ್ವಿಸು ಕಣೋ. ಹಾಕು.”

ತಪಿಯೇರೊ ಚೆಂಡನ್ನು ಎತ್ತಿಕೊಂಡು ಹಿಂದಿನ ಗೆರೆಗೆ ಜರುಗಿದ. ಒಮ್ಮೆ ನೆಲಕ್ಕೆ ತಟ್ಟಿದ. ಆಮೇಲೆ ನೇರವಾಗಿ ಅರ್ನುಲ್ಫೊನ ಮೂಲೆಗೆ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, ಬಾರಿಸಿದ. ಅರ್ನುಲ್ಫೊ ಬಾಯಲ್ಲಿ ಉಸಿರೆಳೆದುಕೊಳ್ಳುತ್ತ, ಬೈಗುಳವೊಂದನ್ನು ಹಲ್ಲಿನ ನಡುವೆ ಅಗಿಯುತ್ತ, ಎರಡೂ ಅಂಗೈ ಊರಿ ಅದರ ದಾರಿಗೆ ಅಡ್ಡವಾಗಿ ಜರುಗಿದ.